ಪಿಟೀಲಿನಿಂದ ಪೋಡಿಯಂಗೆ: ನೆವಿಲ್ ಮ್ಯಾರಿನರ್ ನಡೆದ ದಾರಿ, ಕೈಯೂ ಕಿವಿಯೂ ಕಲಿಯಬೇಕಾದದ್ದು

ಎಡಸಾಲಿನ ಕೇಳುಗ
ನೆವಿಲ್ ಮ್ಯಾರಿನರ್ ಬಗ್ಗೆ ಎಲ್ಲಿ ಓದಿದರೂ ‘ಮೊದಲು ಪಿಟೀಲು ನುಡಿಸುತ್ತಿದ್ದರು, ಆಮೇಲೆ ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಆದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ‘ಆಮೇಲೆ’ ಅನ್ನುವುದರೊಳಗೆ ಏನೇನಿತ್ತು? ಯಾವ ಯಾವ ವೃಂದದಲ್ಲಿ, ಯಾವ ಕುರ್ಚಿಯಲ್ಲಿ ಕೂತಿದ್ದರು? ಕಮಾನು ಹಿಡಿದ ಕೈ ಬೇಟನ್ (ಕಂಡಕ್ಟರ್‌ನ ಕೋಲು) ಹಿಡಿಯುವಾಗ ಕಲಿಯಬೇಕಾದದ್ದೇನು, ಮರೆಯಬೇಕಾದದ್ದೇನು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮೂರನೇ ಡೆಸ್ಕ್
ಮೊದಲು ಕುರ್ಚಿಗಳ ಲೆಕ್ಕ ಹೇಳುತ್ತೇನೆ ಸರ್, ಅವರ ವಿಷಯದಲ್ಲಿ ಅದೇ ಮುಖ್ಯ.

ಹುಟ್ಟಿದ್ದು 1924ರ ಏಪ್ರಿಲ್ 15ರಂದು, ಇಂಗ್ಲೆಂಡಿನ ಲಿಂಕನ್‌ನಲ್ಲಿ. ಪಿಟೀಲಿನ ಮೊದಲ ಪಾಠ ಅಪ್ಪನಿಂದ. ಹದಿಹರೆಯದಲ್ಲೇ ಲಂಡನ್‌ನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದರು. ನಡುವೆ ಯುದ್ಧ ಬಂತು, ಸೇನೆಗೆ ಹೋದರು, ಆಸ್ಪತ್ರೆಯಲ್ಲಿ ಮಲಗಿದ್ದಾಗ ಥರ್ಸ್ಟನ್ ಡಾರ್ಟ್ ಅವರ ಪರಿಚಯವಾಯಿತು. ಡಾರ್ಟ್ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದವರು, ಹಳೆಯ ಸಂಗೀತದ ದೊಡ್ಡ ವಿದ್ವಾಂಸರು. ಹದಿನೇಳು ಹದಿನೆಂಟನೇ ಶತಮಾನದ ಸಂಗೀತವನ್ನು ಸಣ್ಣ ಗುಂಪಿನಲ್ಲಿ, ಹಗುರವಾಗಿ, ಚುರುಕಾಗಿ ನುಡಿಸಬೇಕೆಂಬ ಒಲವು ಮ್ಯಾರಿನರ್‌ಗೆ ಅಂಟಿದ್ದು ಈ ಸಹವಾಸದಿಂದ. ಇಬ್ಬರೂ ಸೇರಿ ಜಾಕೋಬಿಯನ್ ಎನ್ಸೆಂಬಲ್ ಕಟ್ಟಿದರು. ಯುದ್ಧ ಮುಗಿದ ಮೇಲೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ರೆನೆ ಬೆನೆದೆತ್ತಿ ಅವರ ಬಳಿ ಅಭ್ಯಾಸ. ಆಮೇಲೆ ಈಟನ್ ಶಾಲೆಯಲ್ಲಿ ಕೆಲಕಾಲ ಮೇಷ್ಟರು, ಮಾರ್ಟಿನ್ ಕ್ವಾರ್ಟೆಟ್‌ನಲ್ಲಿ ಎರಡನೇ ಪಿಟೀಲು, ವರ್ಚುವೋಸೊ ಸ್ಟ್ರಿಂಗ್ ಟ್ರಿಯೊ, ಫಿಲ್‌ಹಾರ್ಮೋನಿಯಾ ವೃಂದ. ಫಿಲ್‌ಹಾರ್ಮೋನಿಯಾದಲ್ಲಿದ್ದಾಗ ಟೊಸ್ಕನೀನಿ, ಫುರ್ಟ್‌ವೆಂಗ್ಲರ್, ಕರಾಯನ್ ಮೂವರು ಹೆಸರಾಂತ ಕಂಡಕ್ಟರುಗಳ ಕೈಕೆಳಗೂ ನುಡಿಸಿದ್ದಾರೆ. ಮುಂದೆ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ 1960ರ ದಶಕದ ಕೊನೆಯವರೆಗೂ ಎರಡನೇ ಪಿಟೀಲುಗಳ ಮುಖ್ಯಸ್ಥರು.

ಗಮನಿಸಿ, ಕ್ವಾರ್ಟೆಟ್‌ನಲ್ಲೂ ದೊಡ್ಡ ವೃಂದದಲ್ಲೂ ಅವರದು ಎರಡನೇ ಪಿಟೀಲು. ಅವರ ಕಿವಿ ತಯಾರಾದದ್ದು ಅಲ್ಲಿ.

ಒಂಟಿ ಕಮಾನು
ಎರಡನೇ ಪಿಟೀಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಪಿಟೀಲಿನವರಿಗೆ ರಾಗ ಇರುತ್ತದೆ. ಅವರು ತಮ್ಮ ಸಾಲನ್ನು ಚೆನ್ನಾಗಿ ಹಾಡಿಸಿದರೆ ಅರ್ಧ ಕೆಲಸ ಮುಗಿಯಿತು. ಎರಡನೇ ಪಿಟೀಲಿನವರ ಕೈಯಲ್ಲಿರುವುದು ಒಳದನಿ, ಅಂದರೆ ಮೇಲಿನ ರಾಗಕ್ಕೂ ತಳದನಿಗೂ ನಡುವಿನ ಸಾಲು. ಒಂದು ಕಡೆ ಮೊದಲ ಪಿಟೀಲಿಗೆ ಶ್ರುತಿ ಕೂಡಿಸಬೇಕು, ಇನ್ನೊಂದು ಕಡೆ ವಯೋಲಾದ ಜೊತೆ ಲಯ ಹಿಡಿಯಬೇಕು, ಚೆಲ್ಲೊ ಯಾವಾಗ ಉಸಿರೆಳೆಯುತ್ತದೆ ಎಂದು ನೋಡಬೇಕು. ಸತತ ಎಂಟನೇ ಭಾಗದ ಸ್ವರಗಳನ್ನು ಪುಟಗಟ್ಟಲೆ ಸಮನಾಗಿ ನುಡಿಸುವ ಕೆಲಸ ಅವರದೇ. ವೇಗ ಎಲ್ಲಿ ಜಾರುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದೂ ಅವರಿಗೇ. ಮ್ಯಾರಿನರ್ ಕಟ್ಟಿದ ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ವೃಂದದ ಧ್ವನಿಮುದ್ರಣಗಳಲ್ಲಿ ಒಳದನಿಗಳು ಅಷ್ಟು ನಿಚ್ಚಳವಾಗಿ ಕೇಳುವುದಕ್ಕೆ ಇದೇ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಕೋರ್ ಓದುಗ
ಅಕಾಡೆಮಿ ಹೇಗೆ ಶುರುವಾಯಿತು ಅನ್ನುವುದನ್ನೂ ಸೇರಿಸೋಣ. ದೊಡ್ಡ ವೃಂದಗಳಲ್ಲಿ ಕಂಡಕ್ಟರ್ ಹೇಳಿದಂತೆ ನುಡಿಸಿ ನುಡಿಸಿ ಸಾಕಾಗಿದ್ದ ಹನ್ನೆರಡು ಹದಿಮೂರು ತಂತಿವಾದಕರು ಮ್ಯಾರಿನರ್ ಮನೆಯಲ್ಲಿ ಸೇರಿ, ಕಂಡಕ್ಟರ್ ಇಲ್ಲದೆ ನುಡಿಸತೊಡಗಿದರು. ಅದು 1958. ಲಂಡನ್‌ನ ಟ್ರಫಾಲ್ಗರ್ ಚೌಕದಲ್ಲಿರುವ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್ ಚರ್ಚಿನಲ್ಲಿ ಮೊದಲ ಕಛೇರಿ ಆದದ್ದು 1959ರ ನವೆಂಬರ್ 13ರಂದು. ಚರ್ಚಿನ ಹೆಸರೇ ಗುಂಪಿಗೂ ಬಂತು. ಚರ್ಚಿನ ಹೆಸರಿನಲ್ಲಿ ಅಡ್ಡಗೆರೆಗಳಿವೆ, ಗುಂಪಿನ ಹೆಸರಿನಲ್ಲಿದ್ದ ಅಡ್ಡಗೆರೆಗಳನ್ನು 1988ರಲ್ಲಿ ತೆಗೆದರು. ಹಳೆಯ ರೆಕಾರ್ಡುಗಳ ಹೊದಿಕೆ ನೋಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಅಲ್ಲಿಂದ ಹಲವು ವರ್ಷ ಮ್ಯಾರಿನರ್ ಮೊದಲ ಪಿಟೀಲಿನ ಕುರ್ಚಿಯಲ್ಲಿ ಕೂತೇ ನಡೆಸಿದರು. ಪೋಡಿಯಂ (ಕಂಡಕ್ಟರ್ ನಿಲ್ಲುವ ಕಟ್ಟೆ) ಇಲ್ಲ, ಬೇಟನ್ ಇಲ್ಲ.

ಎಡಸಾಲಿನ ಕೇಳುಗ
ಧನ್ಯವಾದ. ಕೂತೇ ನಡೆಸುವುದು ಎಂದರೆ ನಿಜವಾಗಿ ಏನು ಮಾಡುತ್ತಾರೆ? ಅದು ಸಾಕಾಗುತ್ತಿದ್ದರೆ ಬಿಟ್ಟಿದ್ದೇಕೆ?

ಒಂಟಿ ಕಮಾನು
ಆರಂಭದ ಸನ್ನೆ ಹೀಗಿರುತ್ತದೆ. ಕಮಾನು ತಂತಿಯ ಹತ್ತಿರ ತಂದು ನಿಲ್ಲಿಸಿ, ಬರಲಿರುವ ವೇಗದಲ್ಲೇ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾ ಪಿಟೀಲಿನ ಸುರುಳಿತಲೆಯನ್ನು ಎರಡು ಮೂರು ಅಂಗುಲ ಮೇಲೆತ್ತುತ್ತಾರೆ, ಅದು ಇಳಿದ ಕ್ಷಣಕ್ಕೆ ಎಲ್ಲರೂ ಶುರು. ಎತ್ತುವುದಕ್ಕೆ ಹಿಡಿದ ಹೊತ್ತು ಸರಿಯಾಗಿ ಒಂದು ಎಣಿಕೆಯಷ್ಟೇ ಇರಬೇಕು. ಎತ್ತುವಾಗ ಒಂದು ವೇಗ, ಇಳಿಸುವಾಗ ಇನ್ನೊಂದು ಆದರೆ ಮೊದಲ ಸ್ವರವೇ ಒಡೆಯುತ್ತದೆ. ಬಲದ ಸೂಚನೆಯೂ ಆ ಉಸಿರಿನಲ್ಲೇ ಇರುತ್ತದೆ: ಮೆಲ್ಲಗೆ ಬೇಕಾದರೆ ಕಮಾನು ತಂತಿಯ ಮೇಲೇ ಇಟ್ಟು ಚಿಕ್ಕ ಉಸಿರು, ಜೋರಾಗಿ ಬೇಕಾದರೆ ಕಮಾನು ಗಾಳಿಯಿಂದ ಬರುತ್ತದೆ.

ಹದಿನಾರು, ಹೆಚ್ಚೆಂದರೆ ಇಪ್ಪತ್ತು ಜನ ಅರ್ಧವೃತ್ತದಲ್ಲಿ ಇದ್ದರೆ ಇದು ಸೊಗಸಾಗಿ ನಡೆಯುತ್ತದೆ, ಏಕೆಂದರೆ ಪ್ರತಿಯೊಬ್ಬರಿಗೂ ಲೀಡರ್‌ನ, ಅಂದರೆ ಮೊದಲ ಪಿಟೀಲಿನ ಮುಖ್ಯಸ್ಥನ, ಭುಜ ಕಾಣುತ್ತದೆ. ಓಬೊ, ಹಾರ್ನ್‌ನಂಥ ಗಾಳಿವಾದ್ಯಗಳು ಹಿಂದೆ ಬಂದು ಸೇರಿದವೋ, ಅವರಿಗೆ ಕಾಣುವುದು ಬೆನ್ನು ಮಾತ್ರ. ತಾಳ ಮಧ್ಯದಲ್ಲಿ ಬದಲಾಗುವ ಕಡೆ, ಎಣಿಕೆ ನಿಲ್ಲಿಸಿ ಉದ್ದಕ್ಕೆ ಹಿಡಿದ ನಿಲುಗಡೆಯ ಸ್ವರದಿಂದ ಬಿಡಿಸಿಕೊಳ್ಳುವ ಕಡೆ, ನಿಧಾನವಾಗಿ ವೇಗ ಇಳಿಸುವ ಕಡೆ ಇದು ಕೈಕೊಡುತ್ತದೆ. ಲೀಡರ್ ಎರಡೂ ಕೈಯಲ್ಲಿ ನುಡಿಸುತ್ತಿರುವಾಗ ಹತ್ತು ಮೀಟರ್ ಹಿಂದಿರುವ ಬಸೂನ್‌ಗೆ ‘ಈಗ’ ಎಂದು ತೋರಿಸಲು ಕೈ ಉಳಿದಿರುವುದಿಲ್ಲ. ಇನ್ನು ರಿಚರ್ಡ್ ಸ್ಟ್ರಾಸ್ ಅವರ ‘ಮೆಟಮಾರ್ಫೊಸನ್’ ತೆಗೆದುಕೊಳ್ಳಿ: 23 ತಂತಿವಾದ್ಯ, 23 ಬೇರೆ ಬೇರೆ ಸಾಲು, ಅರ್ಧ ಗಂಟೆಗೆ ಹತ್ತಿರ. ಅಂಥದ್ದನ್ನು ಕೂತು ನಡೆಸುವ ಲೀಡರ್ ತನ್ನ ಸಾಲನ್ನೂ ಕೆಡಿಸುತ್ತಾನೆ, ಉಳಿದವರನ್ನೂ ಕಾಯಿಸುತ್ತಾನೆ.

ಮೂರನೇ ಡೆಸ್ಕ್
ಇಲ್ಲಿ ಪಿಯೆರ್ ಮೊಂತೋ ಬರುತ್ತಾರೆ. 1961ರಿಂದ ಲಂಡನ್ ಸಿಂಫನಿಯ ಮುಖ್ಯ ಕಂಡಕ್ಟರ್ ಅವರೇ, ಮ್ಯಾರಿನರ್ ಅವರ ಕಣ್ಣೆದುರಿಗೇ ನುಡಿಸುತ್ತಿದ್ದರು. ಮೊಂತೋ ಸ್ವತಃ ವಯೋಲಾ ನುಡಿಸಿ ಬಂದವರು. ಪಿಟೀಲು ಹಿಡಿದು ತಲೆಯಾಡಿಸುವುದನ್ನು ಬಿಟ್ಟು ಎದ್ದು ನಿಂತು ನಡೆಸು ಎಂದು ಮ್ಯಾರಿನರ್‌ಗೆ ಹೇಳಿದ್ದು ಅವರು. ಅಮೆರಿಕದ ಮೇನ್ ರಾಜ್ಯದ ಹ್ಯಾನ್‌ಕಾಕ್‌ನಲ್ಲಿ ಮೊಂತೋ ನಡೆಸುತ್ತಿದ್ದ ಶಾಲೆಗೆ ಮ್ಯಾರಿನರ್ ಹೋಗಿ ಕಲಿತರು. ಆಗ ಅವರಿಗೆ ನಲವತ್ತರ ಆಸುಪಾಸು.

ಮುಂದಿನದು ಬೇಗ ಹೇಳಿಬಿಡಬಹುದು: 1969ರಲ್ಲಿ ಲಾಸ್ ಏಂಜಲೀಸ್ ಚೇಂಬರ್ ಆರ್ಕೆಸ್ಟ್ರಾದ ಮೊದಲ ಸಂಗೀತ ನಿರ್ದೇಶಕ, 1979ರಿಂದ 1986ರವರೆಗೆ ಮಿನ್ನೆಸೋಟಾ ಆರ್ಕೆಸ್ಟ್ರಾ, 1989ರವರೆಗೆ ಸ್ಟುಟ್‌ಗಾರ್ಟ್ ರೇಡಿಯೋ ವೃಂದ, ಜೊತೆಗೆ ಕೊನೆಯವರೆಗೂ ಅಕಾಡೆಮಿ. 1984ರ ‘ಅಮಾಡೆಯಸ್’ ಚಿತ್ರಕ್ಕೆ ಸಂಗೀತ ನಡೆಸಲು ಒಪ್ಪಿದ್ದು ಮೊಜಾರ್ಟ್‌ನ ಒಂದು ಸ್ವರವನ್ನೂ ಬದಲಿಸಬಾರದು ಎಂಬ ಷರತ್ತಿನ ಮೇಲೆ. 1985ರಲ್ಲಿ ನೈಟ್ ಪದವಿ. ತೀರಿಕೊಂಡದ್ದು 2016ರ ಅಕ್ಟೋಬರ್ 2ರಂದು, 92ನೇ ವಯಸ್ಸಿನಲ್ಲಿ. ಪಿಟೀಲಿನಿಂದಲೇ ನಡೆಸುವ ಕೆಲಸವನ್ನು ಅಕಾಡೆಮಿಯಲ್ಲಿ ಅಯೋನಾ ಬ್ರೌನ್ ಮುಂದುವರಿಸಿದರು, 2011ರಿಂದ ಜೋಶುವಾ ಬೆಲ್.

ಹಾರ್ನ್ ಸಾಲು
ಈಗ ಕೈ ಮತ್ತು ಕಿವಿಯ ಮಾತಿಗೆ ಬರೋಣ. ಪಿಟೀಲಿನವರು ಪೋಡಿಯಂ ಹತ್ತಿದಾಗ ಹಿಂದಿನ ಸಾಲಿನಿಂದ ಕಾಣುವ ದೊಡ್ಡ ತಪ್ಪು ಒಂದೇ: ಕೇಳಿಸಿದ್ದಕ್ಕೆ ಕೈ ಹೊಂದಿಸುತ್ತಾರೆ. ಪಿಟೀಲಿನಲ್ಲಿ ಕೈ ಆಡಿದ ಕ್ಷಣಕ್ಕೇ ಸ್ವರ ಹುಟ್ಟುತ್ತದೆ. ಪೋಡಿಯಂ ಮೇಲೆ ಹಾಗಲ್ಲ. ಬೇಟನ್ ತಾಗುಬಿಂದುವಿಗೆ, ಅಂದರೆ ಎಣಿಕೆ ಬೀಳುವ ಜಾಗಕ್ಕೆ, ಇಳಿಯುತ್ತದೆ, ದೊಡ್ಡ ವೃಂದದ ಸ್ವರ ಅದಾದ ಒಂದು ಚೂರು ಮೇಲೆ ಬರುತ್ತದೆ. ಮೈಯೊಳಗೆ ಪಿಟೀಲು ಇರುವವರು ಆ ಚೂರನ್ನು ತಡ ಎಂದುಕೊಂಡು ಮುಂದಿನ ಎಣಿಕೆಗೆ ಕಾಯುತ್ತಾರೆ. ಅವರು ಕಾದರು ಎಂದು ನಾವೂ ಕಾಯುತ್ತೇವೆ. ಮೂವತ್ತು ಬಾರ್ (ತಾಳದ ಆವರ್ತ) ಆಗುವಷ್ಟರಲ್ಲಿ ವೇಗ ನೆಲಕ್ಕಿಳಿದಿರುತ್ತದೆ.

ದೂರದ ಲೆಕ್ಕವೂ ಸೇರುತ್ತದೆ. ಲೀಡರ್ ಕುರ್ಚಿ ಪೋಡಿಯಂನಿಂದ ಒಂದೂವರೆ ಮೀಟರ್. ಟ್ರಂಪೆಟ್, ಟಿಂಪನಿ 12 ಮೀಟರ್ ಹಿಂದೆ. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ ಎಂದು ಹಿಡಿದರೆ 12 ಮೀಟರ್‌ಗೆ 0.035 ಸೆಕೆಂಡು ಬೇಕು. ಹಿಂದಿನವರು ಮುಂದಿನ ಪಿಟೀಲುಗಳನ್ನು ಕೇಳಿ ನುಡಿಸಿದರೆ, ಹೋಗುವ 0.035, ಬರುವ 0.035, ಒಟ್ಟು 0.07 ಸೆಕೆಂಡು ತಡವಾಗಿ ಪೋಡಿಯಂ ಮುಟ್ಟುತ್ತದೆ. ಆದ್ದರಿಂದ ನಾವು ಕಣ್ಣಿನಿಂದ ನುಡಿಸುತ್ತೇವೆ, ಕಿವಿಯಿಂದಲ್ಲ. ಕೋಲು ಸ್ಪಷ್ಟವಾಗಿರಲೇಬೇಕು.

ವಯೋಲಾ ಕಡೆಯಿಂದ
ಕೋಲಿನ ಹಿಡಿತದ ಬಗ್ಗೆ. ಪಿಟೀಲಿನ ಕಮಾನು 74–75 ಸೆಂ.ಮೀ., ತೂಕ ಸುಮಾರು 60 ಗ್ರಾಂ. ಐದೂ ಬೆರಳಿಗೆ ಕೆಲಸ ಇರುತ್ತದೆ, ತೋರುಬೆರಳು ಒತ್ತುತ್ತದೆ, ಕಿರುಬೆರಳು ತೂಗುತ್ತದೆ. ಬೇಟನ್ 30–40 ಸೆಂ.ಮೀ., ತೂಕ ಕೆಲವೇ ಗ್ರಾಂ. ಹೆಬ್ಬೆರಳು ಮತ್ತು ತೋರುಬೆರಳಿನ ಮೊದಲ ಗೆಣ್ಣಿನ ನಡುವೆ ಹಿಡಿತ, ಹಿಡಿಯ ಗುಂಡು ಅಂಗೈಯಲ್ಲಿ, ಉಳಿದ ಬೆರಳು ಸುಮ್ಮನೆ ಸುತ್ತಿಕೊಂಡಿರಬೇಕು. ಪಿಟೀಲಿನವರು ಕಿರುಬೆರಳನ್ನು ಕೋಲಿನ ಮೇಲೆ ಕೂರಿಸುತ್ತಾರೆ. ಆಗ ಕೋಲಿನ ತುದಿ ಎಡಕ್ಕೋ ಮೇಲಕ್ಕೋ ತಿರುಗಿಬಿಡುತ್ತದೆ, ಮಣಿಕಟ್ಟು ಮುಂದೆ ಹೋಗುತ್ತದೆ, ತುದಿ ಹಿಂದೆ ಉಳಿಯುತ್ತದೆ. ಎಣಿಕೆ ಮಣಿಕಟ್ಟಿನಲ್ಲೋ ತುದಿಯಲ್ಲೋ ಎಂದು ನುಡಿಸುವವರಿಗೆ ತಿಳಿಯುವುದಿಲ್ಲ.

ಎರಡನೆಯದು ಕಮಾನು ತಿರುಗಿಸುವ ಅಭ್ಯಾಸ. ಒಳ್ಳೆಯ ಪಿಟೀಲಿನವರು ವರ್ಷಗಟ್ಟಲೆ ಬೆವರು ಸುರಿಸುವುದು ಕಮಾನು ದಿಕ್ಕು ಬದಲಾದದ್ದು ಕೇಳಿಸಬಾರದು ಎಂದು. ಅದೇ ಕೈ ಬೇಟನ್ ಹಿಡಿದಾಗ ಎಲ್ಲ ಎಣಿಕೆಯನ್ನೂ ಉರುಟಾಗಿ ಜೋಡಿಸಿಬಿಡುತ್ತದೆ. ತಾಗಿ ಪುಟಿಯುವ ಬಿಂದುವೇ ಇರುವುದಿಲ್ಲ. ಮದ್ದು ಸರಳ: ಎದೆಯ ಕೆಳಗಿನ ಎತ್ತರಕ್ಕೆ ಒಂದು ಮೇಜಿಟ್ಟುಕೊಂಡು, ನಿಮಿಷಕ್ಕೆ 60 ಎಣಿಕೆಯಲ್ಲಿ ಕೋಲಿನ ತುದಿಯಿಂದ ಅದರ ಮೇಲ್ಮೈಯನ್ನು ತಟ್ಟಿ ತಟ್ಟಿ ಪುಟಿಸುವುದು. ದಿನಕ್ಕೆ ಹತ್ತು ನಿಮಿಷ. ಆಮೇಲೆ ಮೇಜು ತೆಗೆದು, ಅದು ಇದ್ದ ಎತ್ತರದಲ್ಲೇ ಗಾಳಿಯಲ್ಲಿ ಅದೇ ಪುಟಿತ. ಕನ್ನಡಿ ಎದುರು ನಿಂತರೆ ಬಿಂದು ಮೇಲೆ ಕೆಳಗೆ ಓಡಾಡುತ್ತಿರುವುದು ತಕ್ಷಣ ಕಾಣುತ್ತದೆ.

ಮೂರನೆಯದು ಕುತ್ತಿಗೆ. ತಲೆ ಎಡಕ್ಕೆ ವಾಲಿ ರೂಢಿ, ಎಡಭುಜ ಮೇಲೆ. ಪೋಡಿಯಂನಲ್ಲೂ ಮುಖ ಎಡಕ್ಕೇ ಇರುತ್ತದೆ, ಅಂದರೆ ಮೊದಲ ಪಿಟೀಲಿನ ಕಡೆಗೆ. ಬಲಗಡೆಯ ನಾವು ಅರ್ಧ ಸಿಂಫನಿ ಮುಗಿದರೂ ಅವರ ಕಣ್ಣು ಕಾಣುವುದಿಲ್ಲ!

ಸ್ಕೋರ್ ಓದುಗ
ಬೆತೊವನ್ ಐದನೇ ಸಿಂಫನಿಯ ಮೊದಲ ಐದು ಬಾರ್ ತೆಗೆದುಕೊಂಡು ನೋಡೋಣ, ಮೇಲಿನದೆಲ್ಲ ಅಲ್ಲೇ ಸಿಗುತ್ತದೆ.

ತಾಳ 2/4, ಸೂಚಿಸಿದ ವೇಗ ಒಂದು ಬಾರ್ ತುಂಬುವ ಸ್ವರ ನಿಮಿಷಕ್ಕೆ 108, ಅಂದರೆ ಬಾರ್‌ಗೆ ಒಂದೇ ಎಣಿಕೆ. ಒಂದು ಬಾರ್ 0.56 ಸೆಕೆಂಡು. ಮೊದಲ ಬಾರ್ ಶುರುವಾಗುವುದು ಎಂಟನೇ ಭಾಗದ ಮೌನದಿಂದ, ಆಮೇಲೆ ಮೂರು ಸ್ವರ. ನಮ್ಮ ತಾಳದ ಮಾತಿನಲ್ಲಿ ಅನಾಗತ. ಆ ಮೌನದ ಅಳತೆ 0.14 ಸೆಕೆಂಡು. ಹಾರ್ನ್ ಸಾಲಿನವರು ಹೇಳಿದ 0.035 ಅದರ ಕಾಲುಭಾಗ ನುಂಗುತ್ತದೆ ಎಂದಾಗ ಇಲ್ಲಿ ಏಕೆ ಎಲ್ಲರೂ ಎಡವುತ್ತಾರೆ ಎಂದು ತಿಳಿಯುತ್ತದೆ.

ಮಾಡಬೇಕಾದದ್ದು: ಕೋಲು ಪೂರ್ತಿ ನಿಶ್ಚಲ. ಒಂದೇ ಒಂದು ಮೇಲೆತ್ತು, ಸರಿಯಾಗಿ ಒಂದು ಬಾರ್‌ನ ಹೊತ್ತು. ಇಳಿತ ಮೌನದ ಮೇಲೆ ಬೀಳಬೇಕು, ಮೂರು ಸ್ವರ ಅದರ ಪುಟಿತದಿಂದ ಹಾರಬೇಕು. ಎರಡನೇ ಬಾರ್‌ನ ಇಳಿತ ನಿಲುಗಡೆಯ ಸ್ವರದ ಮೇಲೆ. ಅದನ್ನು ಬಿಡಿಸುವ ಸನ್ನೆಯೇ ಮೂರನೇ ಬಾರ್‌ಗೆ ಮೇಲೆತ್ತಾಗಬೇಕು, ಮಧ್ಯೆ ಬೇರೆ ಅಲುಗಾಟ ಬೇಡ. ಎರಡನೇ ನಿಲುಗಡೆ ಮಾತ್ರ ಬೇರೆ: ಸ್ವರ ನಾಲ್ಕನೇ ಬಾರ್‌ನಲ್ಲಿ ಹಿಡಿದು ಐದನೆಯದಕ್ಕೆ ಕಟ್ಟಿದೆ, ನಿಲುಗಡೆಯ ಗುರುತು ಐದರ ಮೇಲೆ. ಐದನೇ ಬಾರ್‌ಗೆ ಒಂದು ಚಿಕ್ಕ ಎಣಿಕೆ ಕೊಡದಿದ್ದರೆ ಬಾರ್ ಎಣಿಸುತ್ತಿರುವ ಟ್ರಂಪೆಟ್, ಟಿಂಪನಿಯವರು ಒಂದು ಬಾರ್ ಹಿಂದೆ ಬೀಳುತ್ತಾರೆ. ಆರನೇ ಬಾರ್‌ನಲ್ಲಿ ಎರಡನೇ ಪಿಟೀಲು ಒಂದೇ, ಮೆಲ್ಲಗೆ. ಆಗ ಕೈ ಅಂಗೈಯಗಲಕ್ಕೆ ಇಳಿಯಬೇಕು.

ಪಿಟೀಲಿನವರು ಮಾಡುವ ತಪ್ಪು: ಆ ಮೂರು ಸ್ವರವನ್ನು ಬಲಗೈಯಲ್ಲಿ ನುಡಿಸಿ ತೋರಿಸುತ್ತಾರೆ. ಮೂರು ಸಣ್ಣ ಕಮಾನು ಎಳೆದಂತೆ ಕೋಲು ಮೂರು ಸಲ ಅಲುಗುತ್ತದೆ. ನುಡಿಸುವ ಅರವತ್ತು ಜನರಲ್ಲಿ ಕೆಲವರು ಮೊದಲ ಅಲುಗಾಟವನ್ನು ಇಳಿತ ಎಂದುಕೊಂಡು ಹಾರುತ್ತಾರೆ.

ಎಡಸಾಲಿನ ಕೇಳುಗ
ಅಲ್ಲಿ ಆರಂಭದಲ್ಲಿ ನುಡಿಸುವುದು ತಂತಿವಾದ್ಯಗಳು ಮಾತ್ರ ಅಲ್ಲವೇ?

ಸ್ಕೋರ್ ಓದುಗ
ಕ್ಲಾರಿನೆಟ್‌ಗಳೂ ಇವೆ. ಪಿಟೀಲಿನವರ ಕಣ್ಣಿಗೆ ಅದು ಜಾರಿಹೋಗುವುದು ಸಹಜ, ಏಕೆಂದರೆ ಸ್ಕೋರಿನಲ್ಲಿ (ಎಲ್ಲ ವಾದ್ಯಗಳ ಸಾಲೂ ಒಟ್ಟಿಗೆ ಬರೆದ ಪ್ರತಿ) ಅವುಗಳ ಸ್ವರ ಬೇರೆ ಬರೆದಿರುತ್ತದೆ. ತಂತಿಗಳು ನುಡಿಸುವುದು ಜಿ, ಜಿ, ಜಿ, ಇ-ಫ್ಲ್ಯಾಟ್. ಬಿ-ಫ್ಲ್ಯಾಟ್ ಕ್ಲಾರಿನೆಟ್‌ನ ಸಾಲಿನಲ್ಲಿ ಕಾಣುವುದು ಎ, ಎ, ಎ, ಎಫ್. ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರಾಂತರ ಕೆಳಗೆ ಕೇಳಿಸುತ್ತದೆ.

ಎ-ಕ್ಲಾರಿನೆಟ್ ಮೂರು ಅರ್ಧ ಸ್ವರಾಂತರ ಕೆಳಗೆ, ಎಫ್-ಹಾರ್ನ್ ಮತ್ತು ಕಾರ್ ಆಂಗ್ಲೆ ಪಂಚಮದಷ್ಟು ಕೆಳಗೆ, ಪಿಕೊಲೊ ಒಂದು ಸ್ಥಾಯಿ ಮೇಲೆ, ಡಬಲ್ ಬಾಸ್ ಒಂದು ಸ್ಥಾಯಿ ಕೆಳಗೆ. ವಯೋಲಾಗೆ ಆಲ್ಟೊ ಕ್ಲೆಫ್ (ಯಾವ ಗೆರೆ ಯಾವ ಸ್ವರ ಎಂದು ಸಾಲಿನ ಮೊದಲಲ್ಲಿ ತಿಳಿಸುವ ಗುರುತು), ಚೆಲ್ಲೊ ಮತ್ತು ಬಸೂನ್ ಮೇಲೇರಿದಾಗ ಟೆನರ್ ಕ್ಲೆಫ್. ಟ್ರೆಬಲ್ ಕ್ಲೆಫ್ ಒಂದನ್ನೇ ಓದಿ ಬೆಳೆದವರು ಇದನ್ನೆಲ್ಲ ಕೀಬೋರ್ಡ್ ಮುಂದೆ ಕೂತು ಕಲಿಯಬೇಕು. ಅಡ್ಡದಾರಿ ಇಲ್ಲ. ಮೊದಲು ಹೈಡನ್ ಕ್ವಾರ್ಟೆಟ್‌ನ ನಾಲ್ಕು ಸಾಲು, ಆಮೇಲೆ ಎರಡು ಓಬೊ ಎರಡು ಹಾರ್ನ್ ಇರುವ ಸಣ್ಣ ಸಿಂಫನಿ, ಆಮೇಲೆ ಪೂರ್ತಿ ವೃಂದ. ಕೈ ತಡವರಿಸಿದರೂ ಪರವಾಗಿಲ್ಲ, ಒಳಗೆ ಕೇಳಿಸಬೇಕು.

ಹಾರ್ನ್ ಸಾಲು
ಉಸಿರಿನ ಮಾತು ಬಿಟ್ಟುಹೋಗಬಾರದು. ಪಿಟೀಲಿನವರು ಉಸಿರಾಡದೆಯೂ ನುಡಿಸಬಲ್ಲರು, ನಮಗೆ ಅದು ಆಗದು. ಮೇಲೆತ್ತಿನ ಹೊತ್ತು ನಮ್ಮ ಉಸಿರಿನ ಹೊತ್ತು. ಅದು ಝಟ್ಟನೆ ಬಂದರೆ ತುಟಿ ಕೂಡುವ ಮೊದಲೇ ಸ್ವರ ಕೇಳುತ್ತೀರಿ, ಹಾರ್ನ್ ಒಡೆಯುವುದು ಅಂಥ ಕಡೆ. ಇನ್ನೂ ಒಂದು ವಿಷಯ: ಫ್ಲೂಟ್‌ಗೆ ಗಾಳಿ ಸಾಲದು, ಓಬೊಗೆ ಗಾಳಿ ಹೆಚ್ಚಾಗುತ್ತದೆ. ಓಬೊದವರು ಉದ್ದ ಸಾಲಿನ ಕೊನೆಯಲ್ಲಿ ಹಳೆಯ ಗಾಳಿ ಹೊರಗೆ ಬಿಟ್ಟು ಹೊಸದು ಎಳೆಯಬೇಕು, ಎರಡು ಕೆಲಸ. ಪಿಟೀಲಿನ ಕಣ್ಣಲ್ಲಿ ಎಂಟು ಬಾರ್ ಒಂದೇ ಉಸಿರು ಅನ್ನಿಸಿದ ಕಡೆ ಓಬೊಗೆ ಜಾಗ ಬಿಡಿ.

ಒಂಟಿ ಕಮಾನು
ಇಷ್ಟು ಹೇಳಿದ ಮೇಲೆ ಪಿಟೀಲಿನವರಿಗೆ ಇರುವ ಅನುಕೂಲವನ್ನೂ ಹೇಳದಿದ್ದರೆ ಅನ್ಯಾಯ. ಪೂರ್ತಿ ವೃಂದದಲ್ಲಿ ಮೊದಲ ಪಿಟೀಲು, ಎರಡನೇ ಪಿಟೀಲು, ವಯೋಲಾ, ಚೆಲ್ಲೊ, ಬಾಸ್ ಕ್ರಮದಲ್ಲಿ ತಂತಿಗಳೇ 16-14-12-10-8, ಅಂದರೆ 60 ಜನ. ಆ 60 ಜನರ ಜೊತೆ ಕೈಯ ಭಾಷೆಯಲ್ಲಿ ಮಾತಾಡಬಲ್ಲರು. ‘ಇನ್ನೂ ಮೃದುವಾಗಿ’ ಅಂದರೆ ಅರವತ್ತು ಅರ್ಥ. ‘ಕಮಾನಿನ ತುದಿಯಲ್ಲಿ, ಬೆರಳುಹಲಗೆಯ ಕಡೆಗೆ, ಅರ್ಧ ಕಮಾನು ಸಾಕು’ ಅಂದರೆ ಒಂದೇ ಅರ್ಥ. ಐದು ಸೆಕೆಂಡಿನಲ್ಲಿ ದನಿ ಬದಲಾಗುತ್ತದೆ. ಬ್ರಿಟನ್ನಿನ ರೆಕಾರ್ಡಿಂಗ್ ವಾಡಿಕೆಯಲ್ಲಿ 3 ಗಂಟೆಯ ಅವಧಿಗೆ ಸುಮಾರು 20 ನಿಮಿಷದ ಮುಗಿದ ಸಂಗೀತ. ಅಂಥ ಕಡೆ ಮ್ಯಾರಿನರ್ ಥರದವರು ಎಷ್ಟು ಬೆಲೆಬಾಳುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಲೈಬ್ರರಿ ಪೆನ್ಸಿಲ್
ಅನುಕೂಲ ಹೌದು, ಆದರೆ ಅದೇ ಹಳ್ಳವೂ ಆಗುತ್ತದೆ ಸರ್. ಕಮಾನು ಎಲ್ಲಿ ಯಾವ ದಿಕ್ಕಿಗೆ ಎಳೆಯಬೇಕೆಂದು ಗುರುತು ಹಾಕುವ ಕೆಲಸ ಲೀಡರ್‌ದು. ಪಿಟೀಲಿನ ಕಂಡಕ್ಟರ್ ರಿಹರ್ಸಲ್ ನಿಲ್ಲಿಸಿ ‘ಇಲ್ಲಿ ಅಪ್-ಬೋ, ಅಲ್ಲಿ ಡೌನ್-ಬೋ’ ಎಂದು ಶುರುಮಾಡಿದರೆ ಗಾಳಿವಾದ್ಯದವರು ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತಾರೆ, ಲೀಡರ್‌ಗೂ ಮುಜುಗರ.

ಸರಿಯಾದ ಕ್ರಮ ಇದು. 16-14-12-10-8 ಅಂದರೆ 8, 7, 6, 5, 4 ಡೆಸ್ಕ್, ಒಟ್ಟು 30 ತಂತಿ ಪ್ರತಿಗಳು, ಇಬ್ಬರಿಗೆ ಒಂದು. ಕಂಡಕ್ಟರ್ ತಮಗೆ ಬೇಕಾದ ಸಂಗೀತವಾಕ್ಯದ ಕಟ್ಟನ್ನು ಮೂರು ನಾಲ್ಕು ವಾರ ಮೊದಲೇ ಲೀಡರ್‌ಗೆ ತಿಳಿಸಬೇಕು. ಲೀಡರ್ ಮೊದಲ ಪಿಟೀಲಿನ ಒಂದು ಪ್ರತಿ ಗುರುತು ಮಾಡಿ ಕೊಟ್ಟ ಮೇಲೆ ಎರಡನೇ ಪಿಟೀಲು, ವಯೋಲಾ, ಚೆಲ್ಲೊ, ಬಾಸ್ ಮುಖ್ಯಸ್ಥರು ಅದನ್ನು ನೋಡಿ ತಮ್ಮದು ಹಾಕುತ್ತಾರೆ. ಆಮೇಲೆ 30ಕ್ಕೂ ನಕಲು. ಮೃದು ಪೆನ್ಸಿಲ್ ಮಾತ್ರ, ಶಾಯಿ ಬೇಡ. ಬಾಡಿಗೆ ಪ್ರತಿಗಳಲ್ಲಂತೂ ಬೇಡವೇ ಬೇಡ.

ಪಿಟೀಲಿನ ಕೈಗೆ ಒಗ್ಗಿದ ಉದ್ದ ಕಮಾನನ್ನು ಹಾಗೇ ಕೆಳಗಿನ ವಾದ್ಯಗಳಿಗೆ ಇಳಿಸಬೇಡಿ. ಚೆಲ್ಲೊ ಕಮಾನು ಎರಡು ಮೂರು ಸೆಂ.ಮೀ. ಗಿಡ್ಡ, ತೂಕ 80 ಗ್ರಾಂ. ಬಾಸ್ ಕಮಾನು ಇನ್ನೂ ಗಿಡ್ಡ, ತೂಕ ಪಿಟೀಲಿನದರ ಎರಡರಷ್ಟು. ತಂತಿ ದಪ್ಪ, ಮಾತಾಡುವುದಕ್ಕೆ ಹೊತ್ತು ಹಿಡಿಯುತ್ತದೆ. ಪಿಟೀಲು ಒಂದೇ ಕಮಾನಿನಲ್ಲಿ ಜೋರಾಗಿ ಎಳೆಯುವ ನಾಲ್ಕು ಬಾರ್ ಬಾಸ್‌ಗೆ ನಾಲ್ಕು ಕಮಾನು ಬೇಡುತ್ತದೆ.

ವಯೋಲಾ ಕಡೆಯಿಂದ
ಮ್ಯಾರಿನರ್ ದಾರಿ ಒಂದೇ ಅಲ್ಲ ಎಂದೂ ಸೇರಿಸುತ್ತೇನೆ. ಲೂಯಿ ಸ್ಪೋರ್ ಪಿಟೀಲಿನ ಗಲ್ಲಪಟ್ಟಿ ಕಂಡುಹಿಡಿದವರು, ಬೇಟನ್ ಹಿಡಿದ ಮೊದಲಿಗರಲ್ಲೂ ಒಬ್ಬರು. ಆರ್ಥರ್ ನಿಕಿಶ್ ವಿಯೆನ್ನಾ ಆಸ್ಥಾನ ವೃಂದದ ಪಿಟೀಲಿನಿಂದ ಬಂದವರು. ಶಾರ್ಲ್ ಮ್ಯೂಂಶ್ ಲೈಪ್‌ಜಿಗ್ ಗೆವಾಂಟ್‌ಹೌಸ್‌ನ ಕಾನ್ಸರ್ಟ್‌ಮಾಸ್ಟರ್ ಆಗಿದ್ದು, 1932ರಲ್ಲಿ 41ನೇ ವಯಸ್ಸಿಗೆ ಪ್ಯಾರಿಸ್‌ನಲ್ಲಿ ಮೊದಲು ಕೋಲು ಹಿಡಿದರು, ಮುಂದೆ 1949ರಿಂದ 1962ರವರೆಗೆ ಬಾಸ್ಟನ್ ಸಿಂಫನಿ. ಯುಜೀನ್ ಆರ್ಮಂಡಿ ನ್ಯೂಯಾರ್ಕಿನ ಕ್ಯಾಪಿಟಲ್ ಥಿಯೇಟರ್‌ನ ಮೂಕಿಚಿತ್ರ ವೃಂದದಲ್ಲಿ ಪಿಟೀಲು, 1924ರಲ್ಲಿ ಅಲ್ಲೇ ಕಂಡಕ್ಟರ್, 1936ರಿಂದ 1980ರವರೆಗೆ ಫಿಲಡೆಲ್ಫಿಯಾ. ಯಾಪ್ ವಾನ್ ಜ್ವೀಡೆನ್ 1979ರಿಂದ 1995ರವರೆಗೆ ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಗೆಬೌ ವೃಂದದ ಲೀಡರ್. ಬರ್ಲಿನ್‌ನಲ್ಲಿ ಸಭಾಂಗಣದ ದನಿ ಹೇಗಿದೆ ಎಂದು ಹಿಂದೆ ನಿಂತು ಕೇಳಲು ಕಂಡಕ್ಟರ್ ಬರ್ನ್‌ಸ್ಟೈನ್ ಇವರ ಕೈಗೆ ಕೋಲು ಕೊಟ್ಟರು, ಅದೇ ಆರಂಭ. 2018ರಿಂದ 2024ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್. ಮುಂಬೈನ ಮೆಹ್ಲಿ ಮೆಹ್ತಾ ಅವರನ್ನು ಮರೆಯುವಂತಿಲ್ಲ: 1935ರಲ್ಲಿ ಬಾಂಬೆ ಸಿಂಫನಿ ಕಟ್ಟಿದವರು, ಮ್ಯಾಂಚೆಸ್ಟರ್‌ನ ಹಾಲೆ ವೃಂದದಲ್ಲಿ, ಆಮೇಲೆ ಫಿಲಡೆಲ್ಫಿಯಾದ ಕರ್ಟಿಸ್ ಕ್ವಾರ್ಟೆಟ್‌ನಲ್ಲಿ ನುಡಿಸಿ, 1964ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕನ್ ಯೂತ್ ಸಿಂಫನಿ ಶುರುಮಾಡಿ ಮೂರು ದಶಕ ನಡೆಸಿದರು. ಕಂಡಕ್ಟರ್ ಜುಬಿನ್ ಮೆಹ್ತಾ ಈ ಮೆಹ್ಲಿಯವರ ಮಗ.

ಎಡಸಾಲಿನ ಕೇಳುಗ
ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಈ ದಾರಿ ಹಿಡಿಯುವ ಪಿಟೀಲಿನವರು ಮೊದಲು ಯಾವ ಕೃತಿಗೆ ಕೋಲು ಹಿಡಿದರೆ ಒಳ್ಳೆಯದು?

ಮೂರನೇ ಡೆಸ್ಕ್
ತಂತಿವಾದ್ಯಗಳಷ್ಟೇ ಇರುವ ಕೃತಿ ಬೇಡ, ಅಲ್ಲಿ ಹಳೆಯ ಅಭ್ಯಾಸಗಳೆಲ್ಲ ಮುಚ್ಚಿಹೋಗುತ್ತವೆ. ಎಂಟು ಗಾಳಿವಾದ್ಯಗಳ ಸೆರೆನೇಡ್, ಮೊಜಾರ್ಟ್‌ನ ಸಿ-ಮೈನರ್, ಕೆ. 388 (ಅವನ ಕೃತಿಪಟ್ಟಿಯ ಸಂಖ್ಯೆ). ಎರಡೆರಡು ಓಬೊ, ಕ್ಲಾರಿನೆಟ್, ಹಾರ್ನ್, ಬಸೂನ್. ಕಮಾನಿನ ಮಾತು ಒಂದೂ ನಡೆಯುವುದಿಲ್ಲ, ಬರೇ ಉಸಿರು ಮತ್ತು ಪುಟಿತ. ಪಿಟೀಲನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.